ಓದದೆ ಹಾಕಿದ ಸಹಿ

ನಮ್ಮ ಕಸುಬಿನವರಿಗೆ ಒಂದು ಕೆಟ್ಟ ಅಭ್ಯಾಸ ಇದೆ. ಯಾವುದೇ ಸಾಫ್ಟ್‌ವೇರ್ ಇನ್‌ಸ್ಟಾಲ್ ಮಾಡುವಾಗ ಮೊದಲಿಗೆ ಬರುತ್ತಲ್ಲ, ಆ ಮಾರುದ್ದದ ಕರಾರುಪತ್ರ, ಅದನ್ನು ಯಾರೂ ಓದುವುದಿಲ್ಲ. ಸರ್ರನೆ ಕೆಳಗೆ ಹೋಗಿ ‘ಐ ಅಗ್ರೀ’ ಒತ್ತಿ ಮುಂದೆ ಹೋಗುವುದು. ಅದನ್ನು ಬರೆದ ಪುಣ್ಯಾತ್ಮನೂ ಇನ್ನೊಂದು ಸಲ ಓದಿರಲಿಕ್ಕಿಲ್ಲ ಅನ್ನೋದು ನನ್ನ ಗುಮಾನಿ. ಸಾವಿರ ಸಲ ಒತ್ತಿದ್ದೇನೆ. ಏನೂ ಆಗಿಲ್ಲ.

2023ರ ಆಗಸ್ಟ್ ತಿಂಗಳ ಒಂದು ರಾತ್ರಿ, ಎರಡೂವರೆ ಗಂಟೆಗೆ, ಶಿವಮೊಗ್ಗದ ಒಂದು ಆಸ್ಪತ್ರೆಯ ಐಸಿಯು ಬಾಗಿಲಲ್ಲಿ ನಿಂತು ಅದೇ ಅಭ್ಯಾಸದಲ್ಲಿ ಒಂದು ಹಾಳೆಗೆ ಸಹಿ ಹಾಕಿದೆ. ಒಳಗೆ ಮಲಗಿದ್ದವನು ನನ್ನ ಅಪ್ಪ.

ತೀರ್ಥಹಳ್ಳಿ ಕಡೆಯ ನಮ್ಮ ಊರಲ್ಲಿ ಆಗಸ್ಟ್ ಅಂದರೆ ಅಡಿಕೆಗೆ ಔಷಧಿ ಹೊಡೆಯುವ ಹೊತ್ತು. ಮಳೆ ಸ್ವಲ್ಪ ಹೊಳವಾದರೆ ಸಾಕು, ಬೋರ್ಡೋ ಕಾಯಿಸಿಕೊಂಡು.. ಅಲ್ಲ, ಕಲಸಿಕೊಂಡು (ಊರು ಬಿಟ್ಟು ಹತ್ತು ವರ್ಷವಾಯ್ತು ನೋಡಿ, ಮಾತೂ ಮರೆತುಹೋಗುತ್ತದೆ) ತೋಟಕ್ಕೆ ಓಡುವುದು. ಅಪ್ಪ ನಾಲ್ಕು ದಿನ ಜ್ವರ ಇಟ್ಟುಕೊಂಡೇ ತೋಟಕ್ಕೆ ಹೋಗಿದ್ದಾನೆ. ಅಮ್ಮನ ಕಷಾಯ, ಮೆಡಿಕಲ್ ಶಾಪಿನ ಮಾತ್ರೆ ಎಲ್ಲ ಆಗಿದೆ. ಐದನೇ ದಿನ ಜಗಲಿಯಿಂದ ಬಚ್ಚಲಿಗೆ ಹೋಗುವಷ್ಟರಲ್ಲಿ ಏದುಸಿರು. ನ್ಯುಮೋನಿಯಾ, ಎರಡೂ ಕಡೆ. ನಾನು ಬೆಂಗಳೂರಿನಿಂದ ಹೊರಟು ಮುಟ್ಟುವಾಗ ಮುಖಕ್ಕೆ ಬಿಗಿಯಾದ ಮಾಸ್ಕ್ ಕಟ್ಟಿದ್ದರು. ಅಷ್ಟಾದರೂ ಆಕ್ಸಿಜನ್ ಮಟ್ಟ 82. ಕೋವಿಡ್ ಬಂದಮೇಲೆ ಆ ಅಂಕಿಯ ಅರ್ಥ ನಮಗೆಲ್ಲ ಗೊತ್ತಿದೆಯಲ್ಲ..

ಡ್ಯೂಟಿ ಡಾಕ್ಟರ್ ಹೆಚ್ಚುಕಡಿಮೆ ನನ್ನ ವಯಸ್ಸಿನ ಹುಡುಗಿ. ಹೊರಗೆ ಬಂದು ಹೇಳಿದರು. “ನೋಡಿ, ನಿಮ್ಮ ತಂದೆ ಉಸಿರಾಡಿ ಉಸಿರಾಡಿ ಸುಸ್ತಾಗ್ತಿದ್ದಾರೆ. ಮಾಸ್ಕ್ ಸಾಕಾಗ್ತಿಲ್ಲ. ಗಂಟಲಿಗೆ ಟ್ಯೂಬ್ ಹಾಕಿ ವೆಂಟಿಲೇಟರಿಗೆ ಹಾಕ್ಬೇಕು. ಹಾಕುವಾಗ ರಿಸ್ಕ್ ಇದೆ. ಹಾಕದೇ ಇದ್ರೆ ಅದಕ್ಕಿಂತ ಜಾಸ್ತಿ ರಿಸ್ಕ್ ಇದೆ. ಇಲ್ಲಿ ಸೈನ್ ಮಾಡಿ.”

ಎರಡು ಪುಟ, ಪೂರ್ತಿ ಇಂಗ್ಲಿಷು. ಇನ್ಶೂರೆನ್ಸಿಗೆ ಬೇಕಾದೀತು ಅಂತ ಮೊಬೈಲಲ್ಲಿ ಫೋಟೋ ತೆಗೆದುಕೊಂಡೆ. ಸಹಿ ಹಾಕಿದೆ. ಅಮ್ಮ ಪಕ್ಕದಲ್ಲೇ ನಿಂತಿದ್ದಳು.

“ಎಂತ ಬರ್ದಿದಾರೆ ಅದ್ರಲ್ಲಿ?”

“ಎಂಥದೂ ಇಲ್ಲಮ್ಮ, ಫಾರ್ಮಾಲಿಟಿ ಅಷ್ಟೆ.”

ಬಾಗಿಲು ಮುಚ್ಚಿತು. ಇಪ್ಪತ್ತು ನಿಮಿಷ ಏನೂ ಗೊತ್ತಾಗಲಿಲ್ಲ. ನಡುವೆ ಒಂದು ಸಲ ಒಳಗಿನ ಮಿಷಿನ್ನಿನ ಕುಯ್ಯ್ ಕುಯ್ಯ್ ಸದ್ದಿನ ಲಯ ಬದಲಾಯಿತು. ಒಬ್ಬ ನರ್ಸ್ ಓಡುತ್ತಾ ಹೊರಗೆ ಹೋದರು, ಒಬ್ಬ ಹಿರಿಯ ಡಾಕ್ಟರು ಓಡುತ್ತಾ ಒಳಗೆ ಬಂದರು. ಆಮೇಲೆ ಅದೇ ಹುಡುಗಿ ಬೆವರು ಒರೆಸಿಕೊಳ್ಳುತ್ತಾ ಬಂದು, “ಮೊದಲನೇ ಸಲ ಆಗ್ಲಿಲ್ಲ. ಆಕ್ಸಿಜನ್ 65ಕ್ಕೆ ಇಳೀತು. ಎರಡನೇ ಸಲ ಸರ್ ಬಂದು ಹಾಕಿದ್ರು. ಈಗ 94 ಇದೆ” ಅಂದರು. ಮುಚ್ಚಿಡದೆ ಹೇಳಿದರಲ್ಲ, ಅದಕ್ಕೆ ನಾನು ಇವತ್ತಿಗೂ ಅವರಿಗೆ ಋಣಿ.

ಬೆಳಗಿನ ಜಾವ ನಾಲ್ಕಕ್ಕೆ ಬೆಂಚಿನ ಮೇಲೆ ಕೂತು ಮೊಬೈಲಿನ ಫೋಟೋ ದೊಡ್ಡದು ಮಾಡಿ ಓದಿದೆ. ಹಲ್ಲು ಮುರಿಯಬಹುದು. ಹೊಟ್ಟೆಯಲ್ಲಿರುವುದು ಶ್ವಾಸಕೋಶಕ್ಕೆ ಹೋಗಬಹುದು. ಬಿಪಿ ಕುಸಿಯಬಹುದು. ಟ್ಯೂಬ್ ಅನ್ನನಾಳಕ್ಕೆ ಹೋಗಬಹುದು. ಧ್ವನಿ ಹೋಗಬಹುದು. ಶ್ವಾಸನಾಳ ಕಿರಿದಾಗಬಹುದು. ಹೃದಯ ನಿಲ್ಲಬಹುದು. ಸಾವು. ಎಲ್ಲ ಒಂದೇ ಅಳತೆಯ ಸಣ್ಣ ಅಕ್ಷರದಲ್ಲಿ, ಹಲ್ಲಿಗೂ ಸಾವಿಗೂ ನಡುವೆ ಬರೀ ಅಲ್ಪವಿರಾಮ. ಪಕ್ಕದಲ್ಲಿ ಅಮ್ಮ ಗೋಡೆಗೆ ಒರಗಿ ನಿದ್ದೆ ಹೋಗಿದ್ದಳು. ಫಾರ್ಮಾಲಿಟಿ ಅಂತ ಹೇಳಿದವನು ನಾನು.

*

ನಾನು ಓದಿದ್ದು ಮೆಕ್ಯಾನಿಕಲ್, ಮಾಡುವುದು ಸಾಫ್ಟ್‌ವೇರು, ಡಾಕ್ಟರಿಕೆಯಲ್ಲಿ ಸೊನ್ನೆ. ಆದರೆ ಪಿಯುಸಿಯಲ್ಲಿ ನನ್ನ ಪಕ್ಕ ಕೂರುತ್ತಿದ್ದ ಗೆಳೆಯ ಈಗ ಅರಿವಳಿಕೆ ತಜ್ಞ. ಆಗ ನನ್ನ ಫಿಸಿಕ್ಸ್ ರೆಕಾರ್ಡ್ ನೋಡಿ ಬರೆಯುತ್ತಿದ್ದ. ಆ ಸಾಲವನ್ನು ಆ ಒಂಬತ್ತು ದಿನಗಳಲ್ಲಿ ಬಡ್ಡಿ ಸಮೇತ ವಸೂಲು ಮಾಡಿದೆ. ದಿನಾ ರಾತ್ರಿ ಫೋನ್. ಅವನು ಹೇಳಿದ್ದನ್ನೂ, ಆಮೇಲೆ ನಾನು ಓದಿಕೊಂಡಿದ್ದನ್ನೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

“ಮಾರಾಯ, ಪೈಪ್ ಒಳಗೆ ತೂರಿಸೋದೇ ಕಷ್ಟ ಅಂದ್ಕೊಂಡಿದೀಯ. ಅದು ಒಂದು ಭಾಗ ಅಷ್ಟೆ. ಅಪಾಯ ಮೂರು ಸಲ ಬರುತ್ತೆ. ಟ್ಯೂಬ್ ಒಳಗೆ ಹೋಗುವಾಗ, ಒಳಗೆ ಇರುವಾಗ, ಹೊರಗೆ ಬಂದ ಮೇಲೆ” ಅಂದ. ಮೂರನೆಯದನ್ನು ನಾನು ಆಗ ಸರಿಯಾಗಿ ಕೇಳಿಸಿಕೊಳ್ಳಲಿಲ್ಲ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲನೆಯದು. ಟ್ಯೂಬ್ ಹಾಕಬೇಕಾದರೆ ರೋಗಿಗೆ ಪ್ರಜ್ಞೆ ತಪ್ಪಿಸುವ ಔಷಧಿ ಕೊಡುತ್ತಾರೆ, ಸಾಮಾನ್ಯವಾಗಿ ಅದರ ಜತೆಗೆ ಸ್ನಾಯುಗಳನ್ನು ಸಡಿಲ ಮಾಡುವ ಔಷಧಿಯನ್ನೂ ಕೊಡುತ್ತಾರೆ. ಆ ಔಷಧಿ ಹತ್ತಿದ ಕ್ಷಣದಿಂದ ರೋಗಿ ತಾನಾಗಿ ಉಸಿರಾಡುವುದಿಲ್ಲ. ಅಂದರೆ ಅಷ್ಟು ಹೊತ್ತು ಹೇಗೋ ಒದ್ದಾಡಿಕೊಂಡು ನಡೆಯುತ್ತಿದ್ದ ವ್ಯವಸ್ಥೆಯನ್ನು ನಾವೇ ಆಫ್ ಮಾಡಿದ ಹಾಗೆ! ಅಲ್ಲಿಂದ ಗಡಿಯಾರ ಶುರು. ಮೊದಲೇ ಚೆನ್ನಾಗಿ ಆಕ್ಸಿಜನ್ ತುಂಬಿಸಿಕೊಂಡ ಆರೋಗ್ಯವಂತನಿಗೆ ಹಲವು ನಿಮಿಷಗಳ ಅವಕಾಶ ಇರುತ್ತದೆ. ಶ್ವಾಸಕೋಶ ನೀರು ತುಂಬಿದ ಸ್ಪಂಜಿನಂತಾದವನಿಗೆ ಒಂದು ನಿಮಿಷವೂ ಸಿಗದೆ ಇರಬಹುದು. ಅಷ್ಟರಲ್ಲಿ ಲ್ಯಾರಿಂಗೋಸ್ಕೋಪ್ ಅನ್ನುವ ಬಾಗಿದ ಪಟ್ಟಿಯಿಂದ ನಾಲಿಗೆ ಎತ್ತಿ, ಧ್ವನಿತಂತುಗಳನ್ನು ಕಂಡು, ಅವುಗಳ ನಡುವೆ ಟ್ಯೂಬ್ ತೂರಿಸಬೇಕು. ಈ ಪಟ್ಟಿಯ ಬಾಗಿದ ರೂಪ ಮ್ಯಾಕಿಂತೋಷ್ ಅನ್ನುವವರು 1943ರಲ್ಲಿ ಮಾಡಿದ್ದು. ಈಗ ತುದಿಯಲ್ಲಿ ಕ್ಯಾಮೆರಾ ಇರುವವೂ ಬಂದಿವೆ.

ಒಂದು ಸಲ ಆಗದಿದ್ದರೆ ಎರಡನೇ ಸಲ, ಮೂರನೇ ಸಲ. ಆದರೆ ಪ್ರತಿ ಪ್ರಯತ್ನಕ್ಕೂ ಗಂಟಲು ಊದಿಕೊಳ್ಳುತ್ತದೆ, ರಕ್ತ ಬರುತ್ತದೆ, ದಾರಿ ಇನ್ನಷ್ಟು ಮಸುಕಾಗುತ್ತದೆ. ಹಾಗಾಗಿ ಪ್ರಯತ್ನಗಳು ಹೆಚ್ಚಿದಷ್ಟೂ ಅಪಾಯ ಹೆಚ್ಚು. ನಮ್ಮಲ್ಲಿ ಸರ್ವರ್ ಬಿದ್ದಾಗ ಗಾಬರಿಯಿಂದ ರೀಸ್ಟಾರ್ಟ್ ಮೇಲೆ ರೀಸ್ಟಾರ್ಟ್ ಮಾಡಿ ಇನ್ನೂ ಹಾಳು ಮಾಡುತ್ತೇವಲ್ಲ, ಹಾಗೆ.

2021ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. 29 ದೇಶಗಳಲ್ಲಿ, ಹೀಗೆ ತೀವ್ರ ಕಾಯಿಲೆಯಲ್ಲಿ ಟ್ಯೂಬ್ ಹಾಕಿಸಿಕೊಂಡ ಸುಮಾರು 3000 ರೋಗಿಗಳನ್ನು ಗಮನಿಸಿದ್ದರು. ನೂರಕ್ಕೆ 45 ಮಂದಿಗೆ ಆ ಹೊತ್ತಿನಲ್ಲಿ ಒಂದಾದರೂ ದೊಡ್ಡ ತೊಂದರೆ ಆಗಿತ್ತು. ಅದರಲ್ಲಿ ಹೆಚ್ಚಿನದು ಬಿಪಿ ಕುಸಿತ. ನೂರಕ್ಕೆ 9 ಮಂದಿಗೆ ಆಕ್ಸಿಜನ್ ತೀರಾ ಇಳಿದಿತ್ತು. ನೂರಕ್ಕೆ 3 ಮಂದಿಗೆ ಹೃದಯ ನಿಂತಿತ್ತು. ಓದಿದಾಗ ಎದೆ ಧಸಕ್ಕೆಂದಿತು. ಹೆಚ್ಚುಕಡಿಮೆ ಇಬ್ಬರಲ್ಲಿ ಒಬ್ಬರಿಗೆ ಆಗುವ ಸಂಗತಿಗೆ ನಾನು ಫಾರ್ಮಾಲಿಟಿ ಅಂದಿದ್ದೆ. ಆಪರೇಷನ್ ಥಿಯೇಟರಿನಲ್ಲಿ, ಮೊದಲೇ ತಯಾರಾಗಿ ಬಂದ ರೋಗಿಯ ಕತೆ ಬೇರೆ. ಅಲ್ಲಿ ಉಸಿರಿನ ದಾರಿಗೆ ಸಂಬಂಧಿಸಿದ ಗಂಭೀರ ಅನಾಹುತ ಸುಮಾರು 22,000 ಅರಿವಳಿಕೆಗೆ ಒಂದು ಅಂತ ಬ್ರಿಟನ್ನಿನ ತಜ್ಞರು 2011ರಲ್ಲಿ ಲೆಕ್ಕ ಕೊಟ್ಟಿದ್ದಾರೆ. ಅದೇ ಟ್ಯೂಬು, ಅದೇ ಗಂಟಲು. ಹೊತ್ತು ಗೊತ್ತಿಲ್ಲದೆ ಬರುವ ಕಾಯಿಲೆಯಲ್ಲಿ ಮಾತ್ರ ಲೆಕ್ಕ ಪೂರಾ ತಲೆಕೆಳಗು.

ಗೆಳೆಯ ಇನ್ನೊಂದು ಮಾತು ಹೇಳಿದ. ಇದು ನನ್ನ ಕಸುಬಿಗೆ ಹತ್ತಿರದ್ದು, ಅದಕ್ಕೇ ಮನಸ್ಸಲ್ಲಿ ಕೂತುಬಿಟ್ಟಿದೆ. ಟ್ಯೂಬ್ ತಪ್ಪಿ ಅನ್ನನಾಳಕ್ಕೆ ಹೋಗುವುದು ಎಂಥ ಪರಿಣತರಿಗೂ ಆಗಬಹುದು. ಅದು ಅಷ್ಟು ದೊಡ್ಡ ತಪ್ಪಲ್ಲ, ತಕ್ಷಣ ತೆಗೆದು ಮತ್ತೆ ಹಾಕಿದರಾಯಿತು. ಜೀವ ಹೋಗುವುದು ತಪ್ಪಿದ್ದು ಗೊತ್ತಾಗದೇ ಇದ್ದಾಗ. ಎದೆ ಮೇಲೆ ಕೆಳಗೆ ಆದಹಾಗೆ ಕಾಣುತ್ತದೆ, ಸ್ಟೆತಾಸ್ಕೋಪಿನಲ್ಲಿ ಏನೋ ಸದ್ದು ಕೇಳಿದಹಾಗೂ ಆಗುತ್ತದೆ. ಬೆರಳಿಗೆ ಹಾಕಿದ ಆಕ್ಸಿಮೀಟರ್ ಇನ್ನೂ 99 ತೋರಿಸುತ್ತಿರಬಹುದು! ಯಾಕೆಂದರೆ ಅದು ತೋರಿಸುವುದು ರಕ್ತದಲ್ಲಿ ಮೊದಲೇ ಇದ್ದ ದಾಸ್ತಾನು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಹಳೇ ಕ್ಯಾಶ್. ಹಿಂದಿನ ಸರ್ವರ್ ಸತ್ತು ಎಷ್ಟೋ ಹೊತ್ತಾಗಿದೆ, ಪರದೆ ಮೇಲೆ ಮಾತ್ರ ಹಸಿರು ಬಣ್ಣ.

ಈಗಿಂದೀಗ ಸತ್ಯ ಹೇಳುವ ಯಂತ್ರ ಬೇರೆ ಇದೆ, ಕ್ಯಾಪ್ನೋಗ್ರಾಫ್. ಹೊರಗೆ ಬರುವ ಉಸಿರಿನಲ್ಲಿ ಇಂಗಾಲದ ಡೈಆಕ್ಸೈಡ್ ಇದೆಯಾ ಅಂತ ಪ್ರತಿ ಉಸಿರಿಗೂ ನೋಡಿ ಪರದೆಯ ಮೇಲೆ ಗೆರೆ ಬರೆಯುತ್ತದೆ. ಶ್ವಾಸಕೋಶದಿಂದ ಬಂದ ಗಾಳಿಯಾದರೆ ಗೆರೆ ಗುಡ್ಡದ ಹಾಗೆ ಏರಿ ಇಳಿಯುತ್ತದೆ, ಉಸಿರು ಉಸಿರಿಗೂ. ಹೊಟ್ಟೆಯಿಂದ ಬಂದದ್ದಾದರೆ ಚಪ್ಪಟೆ. “ಗೆರೆ ಇಲ್ಲ ಅಂದ್ರೆ ಜಾಗ ತಪ್ಪು ಅಂತಲೇ ತಿಳ್ಕೊಳ್ಳಿ, ನಿಮ್ಮ ಕಣ್ಣನ್ನ ನಂಬಬೇಡಿ” ಅಂತ ಈಗ ಎಲ್ಲ ಕಡೆ ಕಲಿಸುತ್ತಾರಂತೆ. ಮೇಲೆ ಹೇಳಿದ 2011ರ ಬ್ರಿಟನ್ನಿನ ವರದಿಯಲ್ಲೇ ಇದೂ ಇದೆ. ಅಲ್ಲಿನ ಐಸಿಯುಗಳಲ್ಲಿ ಈ ಕಾರಣಕ್ಕೆ ಆದ ಸಾವುಗಳಲ್ಲಿ ಶೇಕಡಾ 70ಕ್ಕೂ ಹೆಚ್ಚಿನವುಗಳ ಹಿಂದೆ ಕ್ಯಾಪ್ನೋಗ್ರಾಫ್ ಬಳಸದೇ ಇದ್ದದ್ದರ ಪಾಲು ಇದ್ದಿರಬಹುದು ಅಂತ.

ಹಾಗಾದರೆ ಯಾರಿಗೆ ಕಷ್ಟ ಆಗುತ್ತದೆ ಅಂತ ಮೊದಲೇ ಗೊತ್ತಾಗುವುದಿಲ್ಲವಾ ಅಂತ ಕೇಳಿದೆ. ಸ್ವಲ್ಪ ಮಟ್ಟಿಗೆ ಗೊತ್ತಾಗುತ್ತದೆ. ಆಪರೇಷನ್‌ಗೆ ಮುಂಚೆ “ಬಾಯಿ ದೊಡ್ಡದಾಗಿ ತೆಗೀರಿ, ನಾಲಿಗೆ ಹೊರಗೆ ಹಾಕಿ” ಅಂತ ನೋಡುತ್ತಾರಲ್ಲ, ಅದಕ್ಕೆ ಮಲ್ಲಂಪಾಟಿ ಪರೀಕ್ಷೆ ಅಂತ ಹೆಸರು. ಹೆಸರು ಕೇಳಿ ಇಟಲಿಯವರು ಅಂದುಕೊಂಡಿದ್ದೆ :) ಅಲ್ಲ, ಅಮೆರಿಕದಲ್ಲಿ ಕೆಲಸ ಮಾಡಿದ ನಮ್ಮ ಆಂಧ್ರ ಮೂಲದ ಅರಿವಳಿಕೆ ತಜ್ಞರು, 1985ರಲ್ಲಿ ಪ್ರಕಟಿಸಿದ್ದು. ಈಗ ಪ್ರಪಂಚದ ಎಲ್ಲ ಕಡೆ ಬಳಸುತ್ತಾರೆ. ಕಿರುನಾಲಿಗೆ ಪೂರ್ತಿ ಕಂಡರೆ ದಾರಿ ಸುಲಭ ಇದ್ದೀತು, ಏನೂ ಕಾಣದಿದ್ದರೆ ಹುಷಾರಾಗಿರಬೇಕು. ಆದರೆ ರಾತ್ರಿ ಎರಡೂವರೆಗೆ ಉಸಿರಿಗೆ ಒದ್ದಾಡುವವನ ಹತ್ತಿರ ನಾಲಿಗೆ ಹೊರಗೆ ಹಾಕು ಅನ್ನುವುದು ಹೇಗೆ? ಅಲ್ಲದೆ ಎಲ್ಲ ಪರೀಕ್ಷೆಯಲ್ಲೂ ಪಾಸಾದವರ ಗಂಟಲೂ ಕೈಕೊಡಬಹುದು.

ಹಾಗೆ ಕೈಕೊಟ್ಟ ಒಂದು ಪ್ರಸಂಗ ಇಂಗ್ಲೆಂಡಿನದ್ದು. 2005ರ ಮಾರ್ಚ್‌ನಲ್ಲಿ ಎಲೇನ್ ಬ್ರೋಮಿಲಿ ಅನ್ನುವ 37 ವರ್ಷದ ಹೆಣ್ಣುಮಗಳು, ಎರಡು ಮಕ್ಕಳ ತಾಯಿ, ಸೈನಸ್ಸಿನ ಮಾಮೂಲು ಆಪರೇಷನ್ನಿಗೆ ಹೋದರು. ಪ್ರಜ್ಞೆ ತಪ್ಪಿಸಿದ ಮೇಲೆ ಉಸಿರಿನ ದಾರಿ ಸಿಗಲಿಲ್ಲ. ಅಲ್ಲಿದ್ದದ್ದು ಅನುಭವಸ್ಥ ಡಾಕ್ಟರುಗಳೇ. ಟ್ಯೂಬ್ ಹಾಕಲು ಮತ್ತೆ ಮತ್ತೆ ಪ್ರಯತ್ನಿಸಿದರು. ಅದರಲ್ಲೇ ಮುಳುಗಿಹೋದರು. ಕುತ್ತಿಗೆಯ ಮುಂಭಾಗದಲ್ಲಿ ತೂತು ಮಾಡಿ ಗಾಳಿ ಕೊಡುವ ದಾರಿ ಇದೆ ಅನ್ನುವುದು ಆ ಹೊತ್ತಿಗೆ ಅವರಿಗೆ ಹೊಳೆಯಲಿಲ್ಲ. ನರ್ಸುಗಳಿಗೆ ಹೊಳೆದಿತ್ತು, ಅದರ ಸಲಕರಣೆಯನ್ನು ತಂದೂ ಇಟ್ಟಿದ್ದರು. ಆದರೆ ಹಿರಿಯರಿಗೆ ಗಟ್ಟಿಯಾಗಿ ಹೇಳುವುದು ಹೇಗೆ ಅಂತ ತಿಳಿಯಲಿಲ್ಲ. 13 ದಿನಗಳ ನಂತರ ಎಲೇನ್ ತೀರಿಕೊಂಡರು. ಅವರ ಗಂಡ ಮಾರ್ಟಿನ್ ವಿಮಾನದ ಪೈಲಟ್. ಯಾರನ್ನು ಜೈಲಿಗೆ ಹಾಕಿಸಲಿ ಅಂತ ಅವರು ಹೊರಡಲಿಲ್ಲ. ವಿಮಾನ ಬಿದ್ದರೆ ತನಿಖೆ ಮಾಡಿ ಕಲಿಯುತ್ತೀವಲ್ಲ, ಇಲ್ಲಿ ಯಾಕಿಲ್ಲ ಅಂತ ಕೇಳಿದರು. 2007ರಲ್ಲಿ ಅದಕ್ಕಾಗಿ ಒಂದು ಸಂಸ್ಥೆಯನ್ನೇ ಕಟ್ಟಿದರು.

ಇದನ್ನು ಓದಿದ ದಿನ ನಾನು ಆ ಡ್ಯೂಟಿ ಡಾಕ್ಟರನ್ನು ನೆನೆದೆ. ಮೊದಲ ಸಲ ಆಗಲಿಲ್ಲ ಅಂದಕೂಡಲೇ ಹಟ ಮಾಡದೆ ಹಿರಿಯರನ್ನು ಕರೆಸಿದರಲ್ಲ. ಅಪ್ಪ ಉಳಿದದ್ದು ಆ ಒಂದು ಕರೆಯಿಂದ ಅಂತ ನನಗೆ ಅನ್ನಿಸುತ್ತದೆ. ನಮ್ಮ ಆಫೀಸಿನಲ್ಲಿ ರಾತ್ರಿ ಸಿಸ್ಟಮ್ ಬಿದ್ದರೆ ಸೀನಿಯರ್‌ಗೆ ಫೋನ್ ಮಾಡಲು ನಾನು ಎಷ್ಟು ಸಲ ಹಿಂದೆಮುಂದೆ ನೋಡಿದ್ದೇನೆ. ಬೈಸಿಕೊಳ್ಳುವುದು ಬೇಡ ಅಂತ!

*

ಎರಡನೇ ಘಟ್ಟ, ಟ್ಯೂಬ್ ಒಳಗಿರುವಷ್ಟು ದಿನ. ಒಂಬತ್ತು ದಿನ. ಬೆಳಿಗ್ಗೆ ಹತ್ತು ನಿಮಿಷ, ಸಂಜೆ ಹತ್ತು ನಿಮಿಷ ಒಬ್ಬೊಬ್ಬರನ್ನೇ ಒಳಗೆ ಬಿಡುತ್ತಿದ್ದರು. ಮೊದಲ ದಿನ ಅಮ್ಮ ಹೋದವಳು ಎರಡೇ ನಿಮಿಷಕ್ಕೆ ವಾಪಸು ಬಂದಳು. “ಕೈ ಕಟ್ಟಿ ಹಾಕಿದಾರೆ” ಅಂತ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ನನಗೂ ಸಿಟ್ಟು ಬಂತು. ಆಮೇಲೆ ಗೊತ್ತಾಯಿತು, ಅರೆಪ್ರಜ್ಞೆಯಲ್ಲಿ ರೋಗಿಗಳು ಟ್ಯೂಬನ್ನು ತಾವೇ ಎಳೆದು ಹಾಕುತ್ತಾರೆ. ಎಳೆದರೆ ಉಸಿರು ನಿಲ್ಲಬಹುದು, ಉಬ್ಬಿದ ಬಲೂನಿನ ಸಮೇತ ಬಂದರೆ ಧ್ವನಿತಂತಿಗೂ ಪೆಟ್ಟು.

ಬಲೂನ್ ಅಂದೆನಲ್ಲ. ಟ್ಯೂಬಿನ ತುದಿಯ ಹತ್ತಿರ ಒಂದು ಸಣ್ಣ ಬಲೂನ್ ಇರುತ್ತದೆ. ಒಳಗೆ ಹೋದ ಮೇಲೆ ಅದನ್ನು ಉಬ್ಬಿಸುತ್ತಾರೆ. ಗಾಳಿ ಪಕ್ಕದಿಂದ ಸೋರಬಾರದು, ಬಾಯಿಯ ಜೊಲ್ಲು ಕೆಳಗೆ ಇಳಿಯಬಾರದು ಅಂತ. ಇಳಿದರೆ ಅಲ್ಲಿ ಸೋಂಕು, ಒಂದು ನ್ಯುಮೋನಿಯಾದ ಮೇಲೆ ಇನ್ನೊಂದು. ಅದಕ್ಕೇ ತಲೆ ಕಡೆ ಮಂಚ ಎತ್ತರ ಇಡುವುದು, ದಿನಾ ಬಾಯಿ ಒರೆಸುವುದು, ಟ್ಯೂಬ್ ಇನ್ನೂ ಬೇಕಾ ಅಂತ ದಿನಾ ನೋಡುವುದು. ಟ್ಯೂಬ್ ಹೆಚ್ಚು ಕೆಳಗೆ ಇಳಿದರೂ ತೊಂದರೆ. ಬಲಗಡೆಯ ಶ್ವಾಸನಾಳ ಎಡಗಡೆಯದಕ್ಕಿಂತ ನೆಟ್ಟಗಿರುವುದರಿಂದ ಸಾಮಾನ್ಯವಾಗಿ ಅತ್ತ ಹೋಗಿ ಒಂದೇ ಶ್ವಾಸಕೋಶಕ್ಕೆ ಗಾಳಿ ಸಿಗುತ್ತದೆ. ಹಾಕಿದ ಮೇಲೆ ಎಕ್ಸ್‌ರೇ ತೆಗೆಯುವುದು ಅದನ್ನು ನೋಡಲು.

ಬಲೂನಿನ ಒತ್ತಡ 20ರಿಂದ 30 ಸೆಂಟಿಮೀಟರ್ ನೀರಿನ ಎತ್ತರದಷ್ಟು ಇರಬೇಕು. ಕಡಿಮೆಯಾದರೆ ಸೋರುತ್ತದೆ. ಜಾಸ್ತಿಯಾದರೆ ಶ್ವಾಸನಾಳದ ಒಳಪದರಕ್ಕೆ ರಕ್ತ ಹೋಗುವುದು ನಿಂತು ಅದು ಹುಣ್ಣಾಗುತ್ತದೆ. ಒತ್ತಡ ನೋಡಲು ಸಣ್ಣ ಮೀಟರ್ ಇದೆ. ಬೆರಳಲ್ಲಿ ಹಿಂಡಿ ಅಂದಾಜು ಮಾಡಿದರೆ ತಪ್ಪುವ ಸಾಧ್ಯತೆ ಹೆಚ್ಚು. ಬಿಪಿ ತುಂಬಾ ಕಡಿಮೆ ಇದ್ದವರಿಗೆ ರಕ್ತದ ಹರಿವೇ ಕಡಿಮೆ, ಒತ್ತಡ ಸರಿ ಇದ್ದರೂ ಪೆಟ್ಟಾಗಬಹುದು. ಅಪ್ಪನಿಗೆ ಯಾವುದರಿಂದ ಏನಾಯಿತು ಅಂತ ಯಾರೂ ಖಚಿತವಾಗಿ ಹೇಳಲಾರರು. ನಾನೂ ಹುಡುಕಲು ಹೋಗಲಿಲ್ಲ.

ಒಂಬತ್ತನೇ ದಿನ ಟ್ಯೂಬ್ ತೆಗೆದರು. ಅಪ್ಪ ಮೊದಲು ಹೇಳಿದ ಮಾತು, ಬರೀ ಗಾಳಿಯಲ್ಲಿ, ಧ್ವನಿಯೇ ಇಲ್ಲದೆ, “ಕಾಫಿ”. ಸಿಸ್ಟರ್ ಕೊಡಲಿಲ್ಲ. ಅಷ್ಟು ದಿನ ಟ್ಯೂಬ್ ಇದ್ದ ಗಂಟಲಿಗೆ ನುಂಗುವುದು ಮರೆತುಹೋಗಿರುತ್ತದಂತೆ, ನೀರಿನಂಥದ್ದು ಸೀದಾ ಶ್ವಾಸಕೋಶಕ್ಕೆ ಇಳಿಯಬಹುದು. ಪರೀಕ್ಷೆ ಮಾಡಿ ಎರಡು ದಿನದ ಮೇಲೆ ಚಮಚದಲ್ಲಿ ಶುರು ಮಾಡಿದರು. ಗದ್ದೆಯ ಆಚೆ ದಡಕ್ಕೆ ಕೇಳುವ ಹಾಗೆ ಕೂಗು ಹಾಕುತ್ತಿದ್ದ ಮನುಷ್ಯ ಪಿಸುಮಾತಿನಲ್ಲಿ ಮನೆಗೆ ಬಂದ. “ಮೂವತ್ತು ವರ್ಷದಲ್ಲಿ ಮೊದಲ್ನೇ ಸಲ ಮನೆ ತಣ್ಣಗಿದೆ” ಅಂತ ಅಮ್ಮ ನಕ್ಕಳು. ಹದಿನೈದು ದಿನದಲ್ಲಿ ಧ್ವನಿ ಸುಮಾರಾಗಿ ಬಂತು. ಕತೆ ಮುಗಿಯಿತು ಅಂತ ನಾನು ಬೆಂಗಳೂರಿನ ಬಸ್ ಹತ್ತಿದೆ.

*

ಮೂರನೇ ಘಟ್ಟ. ನವೆಂಬರಿನಲ್ಲಿ ಕೊನೆಕೊಯ್ಲು ಶುರುವಾಗುವಾಗ ಅಪ್ಪನಿಗೆ ತೋಟದಿಂದ ಮನೆಗೆ ಹತ್ತುವ ಮೆಟ್ಟಿಲಲ್ಲಿ ದಮ್ಮು ಕಟ್ಟತೊಡಗಿತು. ಅಡಿಕೆ ದೂಳಿಗೆ ಉಬ್ಬಸ ಬಂದಿದೆ ಅಂತ ಎಲ್ಲರೂ ಅಂದರು. ಇನ್ಹೇಲರ್ ಕೊಟ್ಟರು. ಮೂರು ವಾರ ಎಳೆದ. ಗುಣ ಇಲ್ಲ. ಒಂದು ರಾತ್ರಿ ಫೋನಿನಲ್ಲಿ ಮಾತಾಡುವಾಗ ನನಗೆ ಒಂದು ಸದ್ದು ಕೇಳಿಸಿತು. ಪ್ರತಿ ಮಾತಿನ ನಡುವೆ ಉಸಿರು ಒಳಗೆ ಎಳೆದುಕೊಳ್ಳುವಾಗ ಸಣ್ಣ ಪೀಪಿ ಊದಿದ ಹಾಗೆ. ನೆಟ್‌ವರ್ಕ್ ಇರಬೇಕು ಅಂದುಕೊಂಡೆ. ಮರುದಿನವೂ ಅದೇ. ರೆಕಾರ್ಡ್ ಮಾಡಿ ಗೆಳೆಯನಿಗೆ ಕಳಿಸಿದೆ. ಐದೇ ನಿಮಿಷಕ್ಕೆ ಫೋನ್ ಬಂತು.

“ಉಬ್ಬಸದ ಸುಂಯ್ ಸದ್ದು ಜಾಸ್ತಿ ಉಸಿರು ಬಿಡುವಾಗ ಬರೋದು. ಇದು ಎಳೆಯುವಾಗ ಬರ್ತಿದೆ. ವೆಂಟಿಲೇಟರಿನಲ್ಲಿ ಇದ್ದವ್ರು ಅಂತ ಆ ಡಾಕ್ಟ್ರಿಗೆ ಹೇಳಿದ್ರಾ?”

ಯಾರೂ ಹೇಳಿರಲಿಲ್ಲ. ಅದಕ್ಕೂ ಇದಕ್ಕೂ ಏನು ಸಂಬಂಧ ಅಂತ ನಮಗೆ ಅನ್ನಿಸಿರಲೇ ಇಲ್ಲ.

“ನಾಳೆನೇ ಬೆಂಗಳೂರಿಗೆ ಕರ್ಕೊಂಡು ಬಾ. ಕಾಯಬೇಡ.”

ಸಿಟಿ ಸ್ಕ್ಯಾನ್, ಬ್ರಾಂಕೋಸ್ಕೋಪಿ ಆಯಿತು. ಬಲೂನ್ ಕೂತಿದ್ದ ಜಾಗದಲ್ಲಿ ಹುಣ್ಣು ಮಾಗಿ, ಗಾಯದ ಕಲೆ ಗಟ್ಟಿಯಾಗಿ, ಸುತ್ತಲಿಂದ ಒಳಗೆ ಎಳೆದುಕೊಂಡಿತ್ತು. ದೊಡ್ಡವರ ಶ್ವಾಸನಾಳ ಒಂದೂವರೆ ಎರಡು ಸೆಂಟಿಮೀಟರ್ ಅಗಲ ಇರುತ್ತದೆ. ಅಪ್ಪನದು ಆ ಜಾಗದಲ್ಲಿ 6 ಮಿಲಿಮೀಟರ್. ಮೆಕ್ಯಾನಿಕಲ್ಲಿನಲ್ಲಿ ಫ್ಲೂಯಿಡ್ ಮೆಕ್ಯಾನಿಕ್ಸ್ ಓದುವಾಗ ಒಂದು ಸೂತ್ರ ಬಾಯಿಪಾಠ ಮಾಡಿದ್ದೆ. ನಯವಾಗಿ ಹರಿಯುವಾಗ ಕೊಳವೆಯ ಅಗಲ ಅರ್ಧ ಆದರೆ ಅಡ್ಡಿ ಹದಿನಾರು ಪಟ್ಟು. ಗಂಟಲಿನಲ್ಲಿ ಆ ಲೆಕ್ಕ ಹಾಗೆಹಾಗೇ ಕೂರುವುದಿಲ್ಲ, ಆದರೆ ದಿಕ್ಕು ಅದೇ. ಅಪ್ಪನಿಗೆ ಸೂತ್ರ ಬೇಕಾಗಲಿಲ್ಲ. “ಔಷಧಿ ಪೈಪಿನ ಮೇಲೆ ಯಾರೋ ಕಾಲಿಟ್ಟ ಹಾಗೆ ಆಗ್ತಿದೆ” ಅಂತ ಅವನೇ ಹೇಳಿದ್ದ. ನಾವು ಕೇಳಿಸಿಕೊಂಡಿರಲಿಲ್ಲ.

ಇದರ ಮೋಸ ಇರುವುದೇ ಇಲ್ಲಿ. ಟ್ಯೂಬ್ ತೆಗೆದ ದಿನ ಏನೂ ಕಾಣುವುದಿಲ್ಲ. ಗಾಯ ಮಾಗುವುದೇ ಕಾಯಿಲೆ, ಅದಕ್ಕೆ ವಾರಗಳು, ಕೆಲವೊಮ್ಮೆ ತಿಂಗಳುಗಳು ಬೇಕು. ದಾರಿ ಅರ್ಧಕ್ಕೆ ಬರುವವರೆಗೆ ಸುಮ್ಮನೆ ಕೂತವನಿಗೆ ಗೊತ್ತೇ ಆಗುವುದಿಲ್ಲ. ಮೊದಲು ಮೆಟ್ಟಿಲಲ್ಲಿ ದಮ್ಮು, ಆಮೇಲೆ ಕೂತಲ್ಲೇ ಸದ್ದು. ಅಷ್ಟು ಹೊತ್ತಿಗೆ ರೋಗಿ ಐಸಿಯುವಿನಿಂದ ನೂರಾರು ಮೈಲಿ ದೂರ, ಇನ್ಹೇಲರ್ ಹಿಡಿದುಕೊಂಡು ಕೂತಿರುತ್ತಾನೆ. ಮೊದಲ ಎರಡು ಘಟ್ಟದಲ್ಲಿ ಕಾವಲಿಗೆ ಡಾಕ್ಟರು, ನರ್ಸು, ಯಂತ್ರ ಎಲ್ಲ ಇದ್ದರು. ಮೂರನೆಯದಕ್ಕೆ ಕಾವಲು ಮನೆಯವರು. ಅದನ್ನು ಮಾತ್ರ ಮನೆಯವರಿಗೆ ಯಾರೂ ಹೇಳಿರಲಿಲ್ಲ.

ಅಲ್ಲ, ಹೇಳಿದ್ದರು. ಎರಡನೇ ಪುಟ, ಐದನೇ ಸಾಲು. ‘ಶ್ವಾಸನಾಳ ಕಿರಿದಾಗಬಹುದು’. ಬೆಳಗಿನ ಜಾವ ನಾಲ್ಕಕ್ಕೆ ಓದಿಯೂ ಇದ್ದೆ.

*

ಕಿರಿದಾದ ಜಾಗವನ್ನು ಬಲೂನಿನಿಂದ ಹಿಗ್ಗಿಸೋಣ, ಮತ್ತೆ ಮತ್ತೆ ಬಂದರೆ ಆ ತುಂಡನ್ನು ಕತ್ತರಿಸಿ ತುದಿಗಳನ್ನು ಜೋಡಿಸುವ ಆಪರೇಷನ್ ಇದೆ ಅಂದರು. ಬಲೂನು ಮಾಡಿದ ಗಾಯಕ್ಕೆ ಬಲೂನೇ ಮದ್ದು. ಅದಕ್ಕೂ ಪ್ರಜ್ಞೆ ತಪ್ಪಿಸಬೇಕು, ಗಂಟಲಿಗೆ ಕೊಳವೆ ಇಳಿಸಬೇಕು. ಅದಕ್ಕೂ ಒಂದು ಫಾರ್ಮು.

ಈ ಸಲ ನಾನು ಹಾಳೆ ತೆಗೆದುಕೊಂಡು ಅಪ್ಪ ಅಮ್ಮ ಇಬ್ಬರ ನಡುವೆ ಮಂಚದ ಮೇಲೆ ಕೂತೆ. ಒಂದೊಂದೇ ಸಾಲು ಕನ್ನಡದಲ್ಲಿ ಹೇಳಿದೆ. ಹಲ್ಲು ಮುರಿಯಬಹುದು ಅಂದಾಗ ಅಪ್ಪ, “ಎರಡು ಮೊದ್ಲೇ ಇಲ್ಲ” ಅಂದ. ಸಾವು ಅನ್ನುವ ಪದ ಬಂದಾಗ ನನ್ನ ಬಾಯಿ ತಡವರಿಸಿತು. ಅಮ್ಮ ಕೆಳಗೆ ನೋಡುತ್ತಾ ಕೂತಿದ್ದಳು. ಅಪ್ಪ ಆ ಪೀಪಿ ಸದ್ದಿನ ನಡುವೆಯೇ, “ಮುಂದೆ ಓದು” ಅಂದ. ಓದಿದೆ.

ಮುಗಿದ ಮೇಲೆ ಅಮ್ಮ ಕೇಳಿದಳು, “ಅವತ್ತೂ ಇದೇ ಬರ್ದಿತ್ತಾ?”

“ಹೂಂ.”

“ಅವತ್ತು ಹೇಳಿದ್ರೂ ನಾನು ಬೇಡ ಅಂತಿರ್ಲಿಲ್ಲ ಕಣೋ” ಅಂದಳು. ಸ್ವಲ್ಪ ಹೊತ್ತು ಬಿಟ್ಟು, “ಆದ್ರೆ ಹೇಳ್ಬೇಕಿತ್ತು” ಅಂದಳು.

ಆ ಮೇಲೆ ಡಾಕ್ಟರ ಹತ್ತಿರ ಮೂರು ಪ್ರಶ್ನೆ ಕೇಳಿದೆ. ಟ್ಯೂಬ್ ಇಳಿಯದಿದ್ದರೆ ಮುಂದಿನ ದಾರಿ ಏನು? ಸರಿಯಾದ ಜಾಗದಲ್ಲಿದೆ ಅಂತ ಯಾವುದರಿಂದ ನೋಡುತ್ತೀರಿ? ಮನೆಗೆ ಹೋದ ಮೇಲೆ ನಾವು ಏನನ್ನು ಗಮನಿಸಬೇಕು, ಎಷ್ಟು ದಿನ? ಅವರು ಬೇಸರ ಮಾಡಿಕೊಳ್ಳಲಿಲ್ಲ. ಕುರ್ಚಿ ಎಳೆದುಕೊಂಡು ಕೂತು ಹೇಳಿದರು. ರಾತ್ರಿ ಎರಡೂವರೆಗೆ ಇದನ್ನೆಲ್ಲ ಕೇಳಲು ಆಗುವುದಿಲ್ಲ, ಕೇಳಲೂಬಾರದು, ಅಲ್ಲಿ ಒಂದೊಂದು ನಿಮಿಷವೂ ಮುಖ್ಯ. ಆದರೆ ಮೂರನೇ ಪ್ರಶ್ನೆಯನ್ನು ಡಿಸ್ಚಾರ್ಜಿನ ದಿನ ಖಂಡಿತ ಕೇಳಬಹುದಿತ್ತು. ಬಿಲ್ಲು ಚುಕ್ತಾ ಮಾಡುವ ಗಡಿಬಿಡಿಯಲ್ಲಿ ನಾನು ಕೇಳಲಿಲ್ಲ.

ಡಿಸೆಂಬರಿನಲ್ಲಿ ಒಂದು ಸಲ, 2024ರ ಮಾರ್ಚಿನಲ್ಲಿ ಮತ್ತೊಂದು ಸಲ ಹಿಗ್ಗಿಸಿದರು. ಅಲ್ಲಿಂದೀಚೆಗೆ ದಾರಿ ತೆರೆದೇ ಇದೆ. ಧ್ವನಿ ಮಾತ್ರ ಮೊದಲಿನದಲ್ಲ, ಸ್ವಲ್ಪ ಒಡಕು. ಗದ್ದೆಯ ಆಚೆ ದಡಕ್ಕೆ ಕೇಳುವುದಿಲ್ಲ, ಮೊಬೈಲ್ ಮಾಡುತ್ತಾನೆ. ಆ ಟ್ಯೂಬ್ ಬಗ್ಗೆ ನನಗೆ ಸಿಟ್ಟಿಲ್ಲ. ಅದು ಇಲ್ಲದಿದ್ದರೆ ಆ ಬೆಳಗಿನ ಜಾವವೇ ಅಪ್ಪ ಇರುತ್ತಿರಲಿಲ್ಲ.

ನಿಮ್ಮ ಮನೆಯಲ್ಲಿ ಯಾರಾದರೂ ವೆಂಟಿಲೇಟರಿನಿಂದ ಹುಷಾರಾಗಿ ಬಂದಿದ್ದರೆ ಇಷ್ಟು ಮಾಡಿ. ಮುಂದಿನ ಕೆಲವು ತಿಂಗಳು ಅವರು ಉಸಿರು ಎಳೆದುಕೊಳ್ಳುವ ಸದ್ದಿಗೆ ಸ್ವಲ್ಪ ಕಿವಿ ಕೊಡಿ. ದಮ್ಮು ಅಂತ ಯಾವ ಡಾಕ್ಟರ ಹತ್ತಿರ ಹೋದರೂ, ಗಂಟಲಿಗೆ ಟ್ಯೂಬ್ ಹಾಕಿದ್ದರು ಅನ್ನುವುದನ್ನು ಮೊದಲ ಮಾತಾಗಿ ಹೇಳಿ.

ನಾನು ಈಗಲೂ ದಿನಾ ರಾತ್ರಿ ಒಂಬತ್ತಕ್ಕೆ ಫೋನ್ ಮಾಡುತ್ತೇನೆ. ಅಪ್ಪ ಅಡಿಕೆ ರೇಟು, ಮಂಗನ ಕಾಟ, ಪಕ್ಕದ ಮನೆಯವರ ಬೇಲಿ ತಕರಾರು ಎಲ್ಲ ಹೇಳುತ್ತಾನೆ. ನಾನು ಹೂಂ ಹೂಂ ಅನ್ನುತ್ತಾ ಮಾತಿನ ನಡುವಿನ ಜಾಗವನ್ನು ಕೇಳುತ್ತಿರುತ್ತೇನೆ. ನಿನ್ನೆ ರಾತ್ರಿಯೂ ಕೇಳಿದೆ. ಸದ್ದಿಲ್ಲ.